ಎರಡು ಗಂಟೆಯ ಸರದಿ

ರೇಷ್ಮೆ ಹುಳ ಸಾಕೋದು ಬಿಟ್ಟು ವರ್ಷಗಳೇ ಆಗಿದ್ದವು. ಹಿಪ್ಪುನೇರಳೆ ಕಿತ್ತು ಟೊಮ್ಯಾಟೊ ಹಾಕಿದ್ದೆವು, ನಾನು ವೇಮಗಲ್‌ನ ಫ್ಯಾಕ್ಟರಿಗೆ ಸೇರಿದ್ದೆ. ಆದರೂ ಹುಳಕ್ಕೆ ಸೊಪ್ಪು ಹಾಕಬೇಕೇನೋ ಅನ್ನೋ ಹಾಗೆ ರಾತ್ರಿ ಎರಡಕ್ಕೆ ಸರಿಯಾಗಿ ಎಚ್ಚರವಾಗೋದು. ಆಮೇಲೆ ಜಂತೆ ಎಣಿಸೋದೇ ಕೆಲಸ. ಮಷೀನಿನ ಮುಂದೆ ಎರಡು ಸಲ ತೂಕಡಿಸಿ ಸಿಕ್ಕಿಬಿದ್ದೆ. "ಇನ್ನೊಂದು ಸಲ ಕಂಡ್ರೆ ಮನೆಗೇ ಕಳಿಸ್ತೀನಿ ನೋಡಮ್ಮ" ಅಂದರು ಸೂಪರ್‌ವೈಸರ್. ಕೆಲಸ ಬಿಡೋಳು ನಾನಲ್ಲ. ನಿದ್ದೆಯನ್ನೇ ದಾರಿಗೆ ತರ್ತೀನಿ ಅಂತ ಹಟ ಹಿಡಿದೆ.

ಮಾತ್ರೆ ಆಗಿಬರಲಿಲ್ಲ. ಡಾಕ್ಟರು ಕೋಲಾರದಲ್ಲಿ ಸಂಮೋಹನ ಚಿಕಿತ್ಸೆ ಮಾಡುವ ಮೇಡಂ ಹತ್ತಿರ ಕಳಿಸಿದರು. "ಮಂಕುಬೂದಿ ಎರಚಿಬಿಟ್ಟಾಳು, ಹುಷಾರು ಕಣೇ" ಅಂದರು ಅತ್ತೆ.

ಮೇಡಂ ಬೂದಿ ಎರಚಲಿಲ್ಲ, ನೋಟ್‌ಬುಕ್ ಕೊಟ್ಟರು. ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ದಿನಾ ಬರೀಬೇಕು. ಎರಡು ವಾರ ಬರೆದೆ. ಪ್ರತಿ ಸಾಲಿನಲ್ಲೂ ಎರಡು ಗಂಟೆ. ಆಮೇಲೆ ಕುರ್ಚಿಗೆ ಒರಗಿಸಿ, ಕಣ್ಣು ಮುಚ್ಚಿಸಿ, ಮೆಲ್ಲಗೆ ಮಾತಾಡಿಸುತ್ತಾ ಕೇಳಿದರು, "ಎರಡು ಗಂಟೆಗೆ ಏನಾಗುತ್ತೆ?"

"ಹುಳ ಹಣ್ಣಾಗಿಬಿಟ್ಟಿರ್ತವೆ" ಅಂದೆ. ಹಾಗಂದವಳೇ ಅತ್ತುಬಿಟ್ಟೆ ನೋಡಿ, ಬಿಕ್ಕಿ ಬಿಕ್ಕಿ.

ಮದುವೆಯಾದ ವರ್ಷ ಅದು. ತಿನ್ನೋದು ಬಿಟ್ಟು ಹಣ್ಣಾದ ಹುಳವನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಗೂಡು ಕಟ್ಟೋದು ಅದರ ಮೇಲೆ. ಎರಡು ಗಂಟೆವರೆಗೆ ಅತ್ತೆಯದು, ಆಮೇಲೆ ಅವರು ಎಬ್ಬಿಸಿದರೆ ನನ್ನ ಸರದಿ. ನಾನು ಏಳಲಿಲ್ಲ. ಹುಳ ತಟ್ಟೆಯ ಕಸದಲ್ಲೇ ಗೂಡು ಕಟ್ಟಿ ಬೆಳೆ ಹಾಳಾಯಿತು. "ಎಬ್ಬಿಸಿದೆ, ಹೆಣದ ಹಾಗೆ ಬಿದ್ದಿದ್ಲು" ಅಂತ ಅತ್ತೆ ಬೀದಿಗೆಲ್ಲ ಸಾರಿದರು.

ಮೇಡಂ ಇನ್ನೊಂದು ಕೇಳಿದರು, "ಹುಳ ಇದ್ದಾಗ ನೀವು ನೆಮ್ಮದಿಯಾಗಿ ಮಲಗಿದ್ದೇ ಇಲ್ವಾ?" ಮಲಗಿದ್ದೆ, ಹುಳ ಜ್ವರಕ್ಕೆ ಕೂತಾಗ. ಪೊರೆ ಬಿಡೋ ಮುಂಚೆ ಅವು ಸೊಪ್ಪು ಮುಟ್ಟದೆ ಅಲ್ಲಾಡದೆ ಇರ್ತವೆ. ಆಗ ಮನೆಯವರಿಗೂ ಬಿಡುವು. ಕಣ್ಣು ಮುಚ್ಚಿಸಿ, ಮಾತಿನಲ್ಲೇ ಹುಳ ಜ್ವರಕ್ಕೆ ಕೂತ ಆ ಮನೆಗೆ ಮೇಡಂ ನನ್ನನ್ನು ವಾರವಾರ ಕರಕೊಂಡು ಹೋದರು. ರಾತ್ರಿ ಹಾಸಿಗೆಯಲ್ಲಿ ನಾನೇ ಕಣ್ಣು ಮುಚ್ಚಿ ಅಲ್ಲಿಗೆ ಹೋಗೋದು ಕಲಿತೆ. ಎಚ್ಚರವಾದರೂ ಮತ್ತೆ ಜೊಂಪು ಹತ್ತತೊಡಗಿತು. ಎರಡು ಗಂಟೆ ಮಾತ್ರ ತಪ್ಪಲಿಲ್ಲ.

ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ಎಲ್ಲ ಅತ್ತೆಗೆ ಹೇಳಿದೆ. ಅವರ ಕೈ ನಿಂತಿತು.

"ಅವತ್ತು ನಾನು ಎಬ್ಬಿಸಲೇ ಇಲ್ಲ ಕಣೇ. ಕೂತಲ್ಲೇ ನಿದ್ದೆ ಹೋಗಿಬಿಟ್ಟೆ. ನಿಮ್ಮ ಮಾವಂಗೆ ಹೆದರಿ ನಿನ್ನ ಮೇಲೆ ಹಾಕಿದೆ."

ಕೋಪ ನೆತ್ತಿಗೇರಿತು. ಇಷ್ಟು ವರ್ಷ! ಮೊರ ಅಲ್ಲೇ ಕುಕ್ಕಿ ಎದ್ದೆ.

ಮಾರನೇ ದಿನ ಕಣ್ಣು ಬಿಟ್ಟರೆ ಬೆಳಕಾಗಿತ್ತು. ಅತ್ತೆ ಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದರು, ಕಣ್ಣು ಕೆಂಪಗೆ.

"ಎರಡಕ್ಕೆ ಬಂದೆ" ಅಂದರು. "ನೀನು ಗೊರಕೆ ಹೊಡೀತಿದ್ದೆ. ಎಬ್ಬಿಸಲಿಲ್ಲ."