ಊರೂರಿನ ಫೈಲಿನಲ್ಲಿ ಓ ನೆಗೆಟಿವ್

ಕಟಕಟ, ಕಿರ್ರ್... ಕಂಪ್ಯೂಟರಿನ ಆ ಸದ್ದು ಈಗಲೂ ಕಿವಿಯಲ್ಲಿದೆ. ಎಂಬತ್ತರ ದಶಕದ ಕೊನೆ. ಬಳ್ಳಾರಿಯ ರಕ್ತದಾನಿಗಳ ಸಂಘವೊಂದರಲ್ಲಿ ನಾನು ಆಪರೇಟರ್. ಇಲ್ಲಿನ ಆಸ್ಪತ್ರೆ ಸೇರಿದ್ದ ಸಿರುಗುಪ್ಪದ ಬಾಣಂತಿಯೊಬ್ಬಳಿಗೆ ತುರ್ತಾಗಿ ಓ ನೆಗೆಟಿವ್ ರಕ್ತ ಬೇಕಿತ್ತು. ಅವಳ ಅತ್ತೆ ನನ್ನ ಮೇಜು ಹಿಡಿದು ನಿಂತಿದ್ದರು.

‘ಲಗೂ ನೋಡ್ರಿ ಅವ್ವಾ, ಸೊಸಿ ಕೈಬಿಟ್ಟು ಹೊಂಟಾಳ!’

ಯಾರನ್ನು ಕಂಡರೂ ಮೊದಲು ‘ಯಾವೂರು?’ ಎನ್ನುವ ಜನ ನಾವು. ದಾನಿಗಳನ್ನೂ ಹಾಗೇ ಜೋಡಿಸಿದ್ದೆವು: ತಾಲ್ಲೂಕಿನ ಫೋಲ್ಡರಿನೊಳಗೆ ಹೋಬಳಿಯ ಫೋಲ್ಡರು, ಅದರೊಳಗೆ ಊರೂರಿಗೊಂದು ಫೈಲು. ರಕ್ತದ ಗುಂಪಿನಿಂದ ಹುಡುಕುವ ದಾರಿಯೇ ಇರಲಿಲ್ಲ! ಒಂದೊಂದೇ ತೆರೆದರೆ ಸಂಜೆಯಾಗುತ್ತಿತ್ತು. ‘ಕಾಮ್ ಡೌನ್’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಎಲ್ಲ ಫೋಲ್ಡರುಗಳ ಒಳಹೊಕ್ಕು ‘ಓ ನೆಗೆಟಿವ್’ ಎಂದಿರುವ ಸಾಲನ್ನಷ್ಟೇ ತೋರಿಸುವ ಪುಟ್ಟ ಪ್ರೋಗ್ರಾಂ ಬರೆದೆ. ಕಟಕಟ, ಕಿರ್ರ್... ಪರದೆಯ ಮೇಲೆ ಕುರುಗೋಡಿನ ಬಸಣ್ಣ ಎಂಬವರ ಹೆಸರು, ಜೊತೆಗೆ ಅವರ ಮನೆ ಪಕ್ಕದ ಅಂಗಡಿಯ ಫೋನ್ ನಂಬರು! ಕುರ್ಚಿಯಿಂದ ಹಾರಿಯೇಬಿಟ್ಟೆ; ಆ ನಂಬರಿಗೆ ಫೋನ್ ಮಾಡಿದೆ.

ಸಿಕ್ಕ ಲಾರಿ ಹತ್ತಿ ಬಂದ ಬಸಣ್ಣ, ‘ನಮ್ಮೂರು ನಿಮ್ಮ ಡಬ್ಬಿಯಾಗೂ ಐತೇನ್ರಿ ಮೇಡಂ?’ ಎಂದು ನಗುತ್ತಲೇ ತೋಳು ಚಾಚಿದರು. ಬಾಣಂತಿ ಉಳಿದಳು.

ಆ ಅತ್ತೆಯನ್ನು ಕೊನೆಯ ಸಲ ಕಂಡದ್ದು ಬಸ್ ಸ್ಟ್ಯಾಂಡಿನಲ್ಲಿ. ಸೊಸೆ, ಮೊಮ್ಮಗಳೊಂದಿಗೆ ಹತ್ತುತ್ತಿದ್ದುದು ಕುರುಗೋಡಿನ ಬಸ್ಸು. ‘ಸಿರುಗುಪ್ಪಕ್ಕಲ್ವಾ?’ ಎಂದೆ. ‘ಮೊದಲು ಸೊಸಿ ತವರುಮನಿಗಿ, ಅವ್ವಾ. ರಕ್ತ ಕೊಟ್ಟು ಅಣ್ಣ ಆದ ಬಸಣ್ಣ ಕರದಾನ’ ಎಂದರು.