ಶಿವಪ್ಪನವರ ಅರ್ಧ ಗುಳಿಗೆ

೨೦೦೪ರಲ್ಲಿ ನಾನು ರಾಣೆಬೆನ್ನೂರಿನಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಸಕ್ಕರೆ ಕಾಯಿಲೆಯವರೇ ಹೆಚ್ಚಾಗಿ ಬರುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಶಿವಪ್ಪನವರು ಅವರಲ್ಲೊಬ್ಬರು, ವಯಸ್ಸು ಐವತ್ತೆರಡು. ಮಾರುಕಟ್ಟೆಯ ಗದ್ದಲದಲ್ಲೂ ಅವರ ದನಿ ನಾಲ್ಕು ಅಂಗಡಿ ಆಚೆಗೆ ಕೇಳುತ್ತಿತ್ತು. ಆದರೆ ಹಾಸಿಗೆಯ ತೊಂದರೆ ಬಾಯಿಬಿಟ್ಟು ಹೇಳಲು ಅವರಿಗೆ ಮೂರು ಭೇಟಿ ಬೇಕಾದವು. ಸಕ್ಕರೆ ಕಾಯಿಲೆಯಲ್ಲಿ ನಿಮಿರು ದೌರ್ಬಲ್ಯ ಸಾಮಾನ್ಯ ಎಂದು ಸಮಾಧಾನ ಹೇಳಿ, ಹೃದಯ ಪರೀಕ್ಷಿಸಿ, ಐವತ್ತು ಮಿಲಿಗ್ರಾಂನ ಸಿಲ್ಡೆನಾಫಿಲ್ ಗುಳಿಗೆ ಬರೆದುಕೊಟ್ಟೆ.

ಎಂಟು ದಿನಕ್ಕೆ ಮರಳಿ ಬಂದರು. ಗುಳಿಗೆ ಕೆಲಸ ಮಾಡಿತ್ತು, ಆದರೆ ಮುಖವೆಲ್ಲ ಉರಿ, ಎದ್ದು ನಿಂತರೆ ತಲೆ ಸುತ್ತು.

“ನಮ್ಮ ಮಾಲ್ ಒಯ್ಯೋ ಪಂಜಾಬಿ ಲಾರಿ ಮಾಲಕ ಇದರ ಎರಡ್ರಷ್ಟು ನುಂಗ್ತಾನ್ರಿ, ಅವಗ ಏನೂ ಆಗಂಗಿಲ್ಲ. ನಮ್ಮ ಮೈಯಾಗ ಏನರ ಬ್ಯಾರೆ ಐತೇನ್ರಿ ಡಾಕ್ಟ್ರ?”

ಔಷಧವನ್ನು ಕರಗಿಸುವ ಯಕೃತ್ತಿನ ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು, ಜನಾಂಗದಿಂದ ಜನಾಂಗಕ್ಕೆ ಬೇರೆಯಾಗಬಹುದೆಂದು ನಾನು ಆಗಷ್ಟೇ ಓದಿಕೊಂಡಿದ್ದೆ. ಹೇಳಿಕೊಳ್ಳಲು ಯಾರಾದರೂ ಸಿಕ್ಕಾರೇ ಎಂದು ಕಾಯುತ್ತಿದ್ದೆ ಎಂದರೂ ಸರಿ. ನಮ್ಮ ಕಡೆಯವರ ಯಕೃತ್ತು ಸ್ವಲ್ಪ ನಿಧಾನ ಎಂದು ಹತ್ತು ನಿಮಿಷ ಪಾಠ ಮಾಡಿ, ಅರ್ಧ ಗುಳಿಗೆ ಸಾಕು ಎಂದೆ. ಅವರು ಭಕ್ತಿಯಿಂದ ಕೇಳಿಕೊಂಡು ಹೋದರು.

ಮುಂದಿನ ವಾರ ಅವರ ಹಣೆಗೆ ಮೂರು ಹೊಲಿಗೆ ಬಿದ್ದಿದ್ದವು. ಅರ್ಧ ಗುಳಿಗೆಗೇ ಬಚ್ಚಲಲ್ಲಿ ಕುಸಿದಿದ್ದರು. ಜೊತೆಗೆ ಹೆಂಡತಿ ಗಂಗವ್ವ ಬಂದಿದ್ದರು. ಗಂಡ ಗುಟ್ಟಾಗಿಟ್ಟಿದ್ದೇನೆಂದುಕೊಂಡಿದ್ದ ಎಲ್ಲವೂ ಆಕೆಗೆ ಗೊತ್ತಿತ್ತು. ಮನೆಯಲ್ಲಿದ್ದ ಅಷ್ಟೂ ಔಷಧಿಯನ್ನು ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದರು. ಅದರಲ್ಲಿ ಕೀಟೋಕೋನಜೋಲ್ ಇತ್ತು. ಸೊಂಟದ ಹುಳುಕಡ್ಡಿಗೆ ಬೇರೊಬ್ಬ ವೈದ್ಯರು ಕೊಟ್ಟ ಗುಳಿಗೆ. ಸಿಲ್ಡೆನಾಫಿಲ್ ಕರಗಿಸುವ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ. ಔಷಧ ರಕ್ತದಲ್ಲೇ ಉಳಿದು ಬಿಪಿ ಇಳಿಯುತ್ತದೆ. ತುರಿಕೆಗೂ ಇದಕ್ಕೂ ಏನು ಸಂಬಂಧ ಎಂದುಕೊಂಡು ಶಿವಪ್ಪನವರು ಆ ಗುಳಿಗೆಯ ವಿಷಯ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

“ಗುಳಿಗಿ ಬ್ಯಾಡ ಅನ್ನಂಗಿಲ್ರಿ ನಾ,” ಗಂಗವ್ವ ನೆಲ ನೋಡುತ್ತ ಹೇಳಿದರು. “ಆದ್ರ ಇವ್ರಿಗೇ ಏನರ ಆದ್ರ, ನಾ ಏನ್ ಮಾಡ್ಲಿರಿ?”

ಶಿವಪ್ಪನವರ ಕಣ್ಣು ತುಂಬಿತು. ನನಗೆ ನಾಚಿಕೆಯಾಯಿತು. ತಪ್ಪು ನನ್ನದು ಎಂದು ಇಬ್ಬರ ಎದುರೂ ಒಪ್ಪಿಕೊಂಡೆ. ಹುಳುಕಡ್ಡಿಯ ಔಷಧ ಮುಗಿಯುವವರೆಗೆ ಸಿಲ್ಡೆನಾಫಿಲ್ ನಿಲ್ಲಿಸಿದೆ. ಅದು ಮುಗಿದು ಎರಡು ವಾರದ ಮೇಲೆ ಮತ್ತೆ ಅರ್ಧದಿಂದ ಶುರುಮಾಡಿ, ಆಮೇಲೆ ಇಡೀ ಗುಳಿಗೆ ಕೊಟ್ಟೆ. ತಲೆಸುತ್ತು ಬರಲಿಲ್ಲ.

ಜನಾಂಗಗಳ ನಡುವೆ ವ್ಯತ್ಯಾಸ ಇಲ್ಲವೆಂದಲ್ಲ. ಒಂದೇ ಓಣಿಯ ಇಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಇರುತ್ತದೆ, ಅಷ್ಟೆ. ಎದುರು ಕೂತ ಒಬ್ಬ ಮನುಷ್ಯನನ್ನು ಬಿಟ್ಟು ಅವನ ಇಡೀ ಕುಲಕ್ಕೆ ನಾನು ಔಷಧಿ ಬರೆದಿದ್ದೆ. ಆ ತಪ್ಪಿಗೆ ಗಂಗವ್ವ ವಿಧವೆಯಾಗಬಹುದಿತ್ತು.