ಅಕ್ಕ ಕೇಳಿದ ಪರಿಹಾರ

ಹಳೆಯ ಸೀರೆ ಕೈಗೆ ಬಂದರೆ ಅಕ್ಕ ಮೊದಲು ಅದನ್ನು ಮೂಸುತ್ತಿದ್ದಳು. ಬಣ್ಣ, ಹರಕು, ನೂಲು ನೋಡುವುದೆಲ್ಲ ಆಮೇಲೆ. ತೀರಿಕೊಂಡವರ ಬಟ್ಟೆ ತಂದು ಹೊದೆಯಲು ಕೌದಿ ಹೊಲಿಸುವವರಿಗೆ ಅವಳದು ಒಂದೇ ಷರತ್ತು. "ಒಗೀಬ್ಯಾಡ್ರಿ, ಹಂಗೇ ತರ್ರಿ. ಒಗದ್ರೆ ಬರೀ ಬಟ್ಟೆ ಆಗ್ತೈತೆ."

ನನ್ನ ಅಕ್ಕ ತಿಪ್ಪಮ್ಮ ಇದ್ದದ್ದು ಹಿರಿಯೂರಿನಲ್ಲಿ, ವೇದಾವತಿ ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ. ಭಾವ ಹೋದ ಮೇಲೆ ಒಬ್ಬಳೇ ಇದ್ದಳು. ನಾನು ಹೊಳಲ್ಕೆರೆಯಿಂದ ಹೋದಾಗಲೆಲ್ಲ ಅವಳು ನೆಲದ ಮೇಲೆ ಕೌದಿ ಹರಡಿಕೊಂಡು, ಅದರ ನಡುವೆ ಕುಳಿತು ಸೂಜಿ ಹಾಕುತ್ತಿರುತ್ತಿದ್ದಳು. ಹೊಲಿಯುತ್ತಾ ಆ ಬಟ್ಟೆಯ ಒಡತಿಯರನ್ನು ಬೈಯುವುದು ಅವಳ ರೂಢಿ. "ಏನವ್ವಾ, ಸೆರಗಿನ ತುಂಬಾ ಒಲೆ ಕಿಡಿ. ನೋಡ್ಕಂಡು ಊದಬಾರ್ದಾ?" ಸತ್ತವರನ್ನು ಹಾಗೆ ಬೈಯಬೇಡ ಎಂದರೆ, "ಬೈಯೋರು ಯಾರೂ ಇಲ್ದೆ ಅವ್ರಿಗೂ ಬ್ಯಾಸ್ರ ಆಗಿರ್ತೈತೆ" ಎನ್ನುತ್ತಿದ್ದಳು.

ಕರೆಂಟು ಹೋದಾಗ ಹೊಲಿಯಲು ಅವಳು ಪೇಟೆಯಲ್ಲಿ ಒಂದು ಚಾರ್ಜರ್ ಲೈಟು ತಂದಳು. ಅಂಗಡಿಯಲ್ಲಿದ್ದವುಗಳಲ್ಲಿ ಅದೇ ಅಗ್ಗ. ಜೊತೆಗಿದ್ದ ನಾನು ಒಳ್ಳೆಯದನ್ನು ತಗೋ ಎಂದೆ. "ಸೂಜಿ ಕಂಡ್ರೆ ಸಾಕು. ನಾನೇನ್ ಮದ್ವೆ ಮನೆ ಬೆಳಗಿಸ್ಬೇಕಾ?" ಎಂದಳು. ನಾನು ಹಟ ಹಿಡಿದು ರಸೀದಿಯನ್ನಾದರೂ ಬರೆಸಿ, ನನ್ನ ಬಳಿ ಇಟ್ಟುಕೊಂಡೆ.

ಆ ಹೊತ್ತಿಗೆ ಅವಳ ಬಳಿ ಸುಧಾಳ ಸೀರೆಗಳು ಬಂದಿದ್ದವು. ಸುಧಾ ಪಕ್ಕದ ಓಣಿಯ ಹೊನ್ನಮ್ಮನ ಮಗಳು. ಹೆರಿಗೆಯಲ್ಲಿ ತೀರಿಕೊಂಡಳು, ಹೆಣ್ಣುಮಗು ಉಳಿಯಿತು. ಮಗಳು ಬಿಟ್ಟುಹೋದ ಮೂರು ಸೀರೆಗಳನ್ನು ಹೊನ್ನಮ್ಮ ಅಕ್ಕನ ಮಡಿಲಿಗೆ ಹಾಕಿ, "ಅವ್ವನ ಮೈ ವಾಸ್ನೆ ಕೂಸಿಗೆ ಹಿಂಗಾದ್ರೂ ಸಿಗ್ಲಿ" ಎಂದಿದ್ದಳಂತೆ.

ಒಂದು ಮಧ್ಯಾಹ್ನ ಅಕ್ಕ ಹೊಲಿದು ಮುಗಿಸಿದ ಕೌದಿಯೊಂದನ್ನು ಕೊಡಲು ಐಮಂಗಲಕ್ಕೆ ಹೋಗಿದ್ದಳು. ಚಾರ್ಜಿಗೆ ಹಾಕಿದ್ದ ಲೈಟು ಸಿಡಿದು, ಪಕ್ಕದಲ್ಲಿದ್ದ ಬಟ್ಟೆಯ ರಾಶಿಗೆ ಬೆಂಕಿ ಹತ್ತಿತು. ಓಣಿಯವರು ಬಾಗಿಲು ಒಡೆದು ನೀರು ಹೊಯ್ದರು. ಮಂಚ ಮತ್ತು ಕಿಟಕಿ ಅರ್ಧ ಸುಟ್ಟಿದ್ದವು, ಬಟ್ಟೆಯ ರಾಶಿ ಪೂರ್ತಿ ಹೋಗಿತ್ತು. ಲೈಟಿನ ಪ್ಲಾಸ್ಟಿಕ್ಕು ಕರಗಿ, ಸುಧಾಳ ಸೀರೆಯಲ್ಲಿ ಉಳಿದಿದ್ದ ಒಂದು ತುಂಡಿಗೆ ಅಂಟಿಕೊಂಡಿತ್ತು.

ಅಕ್ಕ ಅದನ್ನು ಕೀಳಲಿಲ್ಲ. ಸುಟ್ಟ ಚೂರುಗಳನ್ನೆಲ್ಲ ಬಿಳಿ ಬಟ್ಟೆಯಲ್ಲಿ ಕಟ್ಟಿ, ಅರಿಸಿನ ಕುಂಕುಮ ಇಟ್ಟು, ಹೊನ್ನಮ್ಮನ ಜೊತೆ ಹೋಗಿ ಹೊಳೆಗೆ ಬಿಟ್ಟು ಬಂದಳು. ಬೂದಿ ಬಿಡುವ ಹಾಗೆಯೇ. ಇಬ್ಬರೂ ಅಲ್ಲೇ ತಲೆಗೆ ಸ್ನಾನ ಮಾಡಿದರು.

ಆಮೇಲೆ, ಸುದ್ದಿ ಕೇಳಿ ಬಂದ ನಾನೂ ಅಕ್ಕನೂ ಲೈಟು ಕೊಂಡ ಅಂಗಡಿಗೆ ಹೋದೆವು. ಅಂಗಡಿಯವನು ರಸೀದಿ ನೋಡಿ, "ಬ್ಯಾರೆ ಲೈಟು ಕೊಡ್ತೀನಿ ತಗಳ್ರಿ. ಹಳೆ ಬಟ್ಟೆಗೆಲ್ಲ ನಾನೇನ್ ಮಾಡಾಕಾಗ್ತೈತೆ?" ಎಂದ.

"ಅದನ್ನ ನೀವೇ ಇಟ್ಕಳ್ರಿ," ಎಂದಳು ಅಕ್ಕ. "ರಾತ್ರಿ ಚಾರ್ಜಿಗೆ ಹಾಕಿ, ತಲೆದೆಸೆಗೆ ಇಟ್ಕಂಡು ಮಲಗ್ರಿ."

ಅವನು ಲೈಟನ್ನು ಮತ್ತೆ ಕಪಾಟಿಗೆ ಇಟ್ಟ.

ಹೊರಗೆ ಬಂದ ಮೇಲೆ ಅಕ್ಕ, "ನನ್ನ ನಂಬಿ ಕೊಟ್ಟಿದ್ದು ಕಣೇ. ಹೊನ್ನಮ್ಮಂಗೆ ನಾನು ಏನಾರ ತಂದು ಕೊಡ್ಲೇಬೇಕು" ಎಂದಳು.

ಚಿತ್ರದುರ್ಗದಲ್ಲಿ ಒಬ್ಬ ವಕೀಲರನ್ನು ಕಂಡೆವು. ಕೊಂಡ ಮಾಲಿನಿಂದ ಬೇರೆ ಆಸ್ತಿ ಹಾಳಾದರೆ ಅದಕ್ಕೂ ಗ್ರಾಹಕರ ಆಯೋಗದಲ್ಲಿ ಪರಿಹಾರ ಕೇಳಬಹುದು ಎಂದು ಅವರು ಹೇಳಿದಾಗ ಅಕ್ಕನ ಮುಖ ಅರಳಿತು. ಮರುಗಳಿಗೆಯಲ್ಲಿ ಅವರು ಕೇಳಿದರು, "ಸುಟ್ಟ ಲೈಟು ಎಲ್ಲೈತಮ್ಮ?"

"ಹೊಳೇಗೆ ಬಿಟ್ವಿ."

ವಕೀಲರು ಪೆನ್ನು ಕೆಳಗಿಟ್ಟರು. "ಇದ್ದ ಸಾಕ್ಷಿನೆಲ್ಲ ನೀರಿಗೆ ಹಾಕಿದ್ರಲ್ರೀ."

"ಸೀರೆಗೆ ಅಂಟ್ಕಂಡಿತ್ತು ಸ್ವಾಮಿ. ಕೀಳಾಕ್ ಹೋದ್ರೆ ಸೀರೆ ಪುಡಿ ಆಗ್ತಿತ್ತು. ಸತ್ತೋಳ ಅವ್ವ ಎದುರಿಗೆ ಕುಂತಿದ್ಲು. ಹೆಂಗ್ ಕೀಳ್ಲಿ?"

ಆದರೂ ದೂರು ಹಾಕಿದೆವು. ಪಕ್ಕದ ಮನೆಯವರು ಫೋನಿನಲ್ಲಿ ತೆಗೆದ ಚಿತ್ರಗಳೇ ಆಧಾರ. ಹಿರಿಯೂರಿಂದ ದುರ್ಗಕ್ಕೆ ಎಷ್ಟು ಸಲ ಓಡಾಡಿದೆವೋ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕುಳಿತು, ಎದುರಿನ ಸೀಟಿನವರ ಸೀರೆಯ ಅಂಚನ್ನೇ ನೋಡುತ್ತಿರುತ್ತಿದ್ದಳು. ಕೊನೆಗೆ ಒಂದು ದಿನ ಆಯೋಗದವರು ಅವಳನ್ನೇ ಕರೆದು, ಆ ಸೀರೆಗಳ ಬೆಲೆ ಎಷ್ಟಿರಬಹುದು ಎಂದು ಸಮಾಧಾನದಿಂದ ಕೇಳಿದರು. ಜಾಸ್ತಿ ಹೇಳು ಎಂದು ವಕೀಲರು ಮೊದಲೇ ಹೇಳಿಕೊಟ್ಟಿದ್ದರು.

"ಹಳೇವು ಸ್ವಾಮಿ," ಎಂದಳು ಅಕ್ಕ. "ಬಟ್ಟೆಗೆ ಪಾತ್ರೆ ಕೊಡೋರಿಗೆ ಹಾಕಿದ್ರೆ ಒಂದು ಲೋಟಾನೂ ಬರ್ತಿರ್ಲಿಲ್ಲ. ಆದ್ರೆ ಅಂಥವು ಇನ್ನೆಲ್ಲೂ ಸಿಗಲ್ಲ."

ವಕೀಲರು ತಲೆ ತಗ್ಗಿಸಿದರು. ಕೇಳಿದವರು ಅವಳು ಹೇಳಿದ್ದನ್ನು ಹಾಗೇ ಬರೆಸಿಕೊಂಡರು.

ಆದೇಶ ಬಂತು. ಲೈಟಿನ ದುಡ್ಡು ವಾಪಸ್ಸು, ಮಂಚ ಕಿಟಕಿಗಳಿಗೆ ಪರಿಹಾರ, ಓಡಾಟದ ಖರ್ಚು. ಬಟ್ಟೆಗಳಿಗೆ ಬೆಲೆ ಸಾಬೀತಾಗಿಲ್ಲ ಎಂದಿತ್ತು. ಅಕ್ಕ ಬಂದ ದುಡ್ಡನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ನೆಟ್ಟಗೆ ಹೊನ್ನಮ್ಮನ ಮನೆಗೆ ಹೋದಳು. ಹೊನ್ನಮ್ಮ ಮುಟ್ಟಲಿಲ್ಲ. "ಇದನ್ನ ಇಸ್ಕಂಡ್ರೆ ಸುಧಾನ ಸೀರೆ ಮಾರಿದಂಗಾಗ್ತೈತೆ ತಿಪ್ಪಮ್ಮ" ಎಂದಳು. ಹಾಗಾದರೆ ತನ್ನ ಸೀರೆಗಳಲ್ಲೇ ಮಗುವಿಗೆ ಕೌದಿ ಹೊಲಿದು ಕೊಡುವುದಾಗಿ ಅಕ್ಕ ಹೇಳಿದ್ದಕ್ಕೆ, "ಬದುಕಿರೋರದ್ದು ಬ್ಯಾಡ. ನೀನು ಉಟ್ಕೋ" ಎಂದಳಂತೆ.

ಅದಾದ ಮೇಲೆ ಯಾರೂ ಅಕ್ಕನಿಗೆ ತೀರಿಕೊಂಡವರ ಬಟ್ಟೆ ತರಲಿಲ್ಲ. ಅವಳ ಮೇಲೆ ಯಾರಿಗೂ ಕೋಪವಿರಲಿಲ್ಲ. ಬರಿಗೈಲಿ ಬರುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ಸೂಜಿ ಹಿಡಿಯದ ಅಕ್ಕನ ಕೈಗಳನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಹೋದ ವರ್ಷ ಅವಳಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಕೊನೆಯ ಸಲ ಮಾತಾಡಿದ್ದು ದುರ್ಗದ ಆಸ್ಪತ್ರೆಯಲ್ಲಿ. ನನ್ನನ್ನು ಹತ್ತಿರ ಕರೆದು, "ನನ್ನ ಸೀರೆಯಾಗೆ ಮೂರು ತೆಗೆದು ಹೊನ್ನಮ್ಮಂಗೆ ಕೊಡು. ಒಗೀಬ್ಯಾಡ" ಎಂದಳು. ಆಮೇಲೆ ಸಣ್ಣಗೆ ನಕ್ಕಳು. "ಈಗ ಏನ್ ನೆಪ ಹೇಳ್ತಾಳೋ ನೋಡಾಣ."

ತಿಥಿ ಮುಗಿದ ಮೇಲೆ ಮೂರು ಸೀರೆ ತೆಗೆದುಕೊಂಡು ಹೋದೆ. ಹೊನ್ನಮ್ಮ ಬಾಗಿಲಲ್ಲಿ ಕುಳಿತಿದ್ದಳು. ಅಕ್ಕ ಹೇಳಿದ್ದನ್ನು ಹೇಳಿ, ಸೀರೆಗಳನ್ನು ಅವಳ ತೊಡೆಯ ಮೇಲೆ ಇಟ್ಟೆ. ಅವಳು ಬಹಳ ಹೊತ್ತು ಅವುಗಳ ಮೇಲೆ ಕೈಯಾಡಿಸಿದಳು.

"ಇವನ್ನ ಹೊಲಿಯೋಳೇ ಹೋದ್ಲಲ್ಲ ತಾಯಿ" ಎಂದು ನನ್ನ ಕಡೆ ಚಾಚಿದಳು.

ನಾನು ಕೈ ನೀಡಲಿಲ್ಲ. ಒಳಗಿಂದ ಸುಧಾಳ ಮಗು ಓಡಿ ಬಂದು, ಮೇಲಿನ ಸೀರೆಯ ಸೆರಗನ್ನು ಎರಡೂ ಕೈಯಿಂದ ಹಿಡಿದು ಎಳೆಯಿತು. ಹೊನ್ನಮ್ಮ ಬಿಡಿಸಿಕೊಳ್ಳಲಿಲ್ಲ.